ಶೇಂಗಾ ಎಲೆಗೆ 2% ಆಮ್ಲಜನಕದ ಗಾಳಿ ಕೊಡಬೇಕು, ಗ್ಯಾಸ್ ಬೆರೆಸುವ ಸೆಟಪ್ ಹೇಗೆ ಕಟ್ಟಲಿ?

ಶೇಂಗಾಹೊಲ:
ಎಲ್ಲರಿಗೂ ನಮಸ್ಕಾರ. ನಾನು ರಾಯಚೂರು ಕಡೆಯವನು, ಶೇಂಗಾ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ. ನೀರು ಕಡಿಮೆಯಾದಾಗ ಎಲೆಯಲ್ಲಿ ಫೋಟೋರೆಸ್ಪಿರೇಷನ್ (ಎಲೆ ಬೆಳಕಿನಲ್ಲಿ ಕಾರ್ಬನ್ ಡೈಆಕ್ಸೈಡ್, ಅಂದರೆ ಸಿಒ2 ಬದಲು ಆಮ್ಲಜನಕ ಹಿಡಿದು ಸ್ವಲ್ಪ ಸಿಒ2 ಕಳೆದುಕೊಳ್ಳುವುದು) ಎಷ್ಟು ಏರುತ್ತದೆ ಅಂತ ಅಳೆಯಬೇಕು. ಅದಕ್ಕೆ ಮಾಮೂಲಿ 21% ಆಮ್ಲಜನಕದ ಜೊತೆಗೆ 2%, 10%, 40% ಹೀಗೆ ಬೇರೆ ಬೇರೆ ಗಾಳಿಯನ್ನು ಎಲೆಗೆ ಕೊಡಬೇಕು. ಪ್ರತಿಯೊಂದರಲ್ಲೂ ಸಿಒ2 ಅನ್ನು 50 ಪಿಪಿಎಂನಿಂದ (ಹತ್ತು ಲಕ್ಷದಲ್ಲಿ 50 ಭಾಗ) 1500 ಪಿಪಿಎಂವರೆಗೆ ಬದಲಾಯಿಸುತ್ತಾ ಹೋಗಬೇಕು.

ನಮ್ಮಲ್ಲಿ ಎಲೆಗೆ ಕ್ಲಿಪ್ ಹಾಕಿ ಅಳೆಯುವ ಹಳೆಯ ಯಂತ್ರ ಒಂದಿದೆ. ಅದರ ಇರ್ಗಾ (ಇನ್‌ಫ್ರಾರೆಡ್ ಬೆಳಕಿನಿಂದ ಸಿಒ2 ಅಳೆಯುವ ಭಾಗ) ಚೆನ್ನಾಗಿ ಓದುತ್ತದೆ. ಆದರೆ ಒಳಗಿನ ಸಿಒ2 ಇಂಜೆಕ್ಟರ್ ಕೆಟ್ಟು ಎರಡು ವರ್ಷವಾಯಿತು. ಒಬ್ಬ ಡೀಲರ್ ನಾಲ್ಕು ಚಾನೆಲ್‌ನ ರೆಡಿ ಮಿಕ್ಸರ್‌ಗೆ ಕೊಟೇಶನ್ ಕಳಿಸಿದ್ದಾರೆ. ಸಲಕರಣೆಗೆ ಅಂತ ಪ್ರಾಜೆಕ್ಟಿನಲ್ಲಿ ಇಟ್ಟಿರುವ ಇಡೀ ದುಡ್ಡಿಗಿಂತ ಅದು ಜಾಸ್ತಿ. ಗೈಡ್ ಮೇಡಂ "ಬಿಡಿ ಬಿಡಿಯಾಗಿ ತಂದು ನೀವೇ ಕಟ್ಟಿ, ಕಲಿತ ಹಾಗೂ ಆಗುತ್ತದೆ" ಎಂದರು. ಎಷ್ಟು ದೊಡ್ಡ ಮಾಸ್ ಫ್ಲೋ ಕಂಟ್ರೋಲರ್ (ಗ್ಯಾಸ್ ಹರಿವನ್ನು ಅಳೆದು ಹಿಡಿದಿಡುವ ಸಾಧನ) ತರಬೇಕು? ರೋಟಾಮೀಟರ್‌ನಲ್ಲೇ (ಒಳಗಿನ ಚೆಂಡು ಹರಿವು ತೋರಿಸುವ ನಳಿಕೆ) ಕೆಲಸ ಆಗುತ್ತದಾ? ಒಮ್ಮೆ ತಂದರೆ ಮತ್ತೆ ತರಲು ದುಡ್ಡಿಲ್ಲ, ಅದಕ್ಕೇ ಮೊದಲೇ ಕೇಳುತ್ತಿದ್ದೇನೆ.

ಹಳೇಲ್ಯಾಬ್:
ಒಳ್ಳೆ ಪ್ರಶ್ನೆ, ಸರಿಯಾದ ಸಮಯಕ್ಕೆ ಕೇಳಿದ್ದೀರಿ. ನಾನು ಬೆಂಗಳೂರಿನ ಒಂದು ಸಸ್ಯಶಾಸ್ತ್ರ ಲ್ಯಾಬಿನಲ್ಲಿ 22 ವರ್ಷದಿಂದ ಈ ಕೊಳವೆಗಳ ಜೊತೆಯೇ ಬದುಕಿದವನು.

ಏನಾದರೂ ಕೊಳ್ಳುವ ಮೊದಲು ಒಂದು ಲೆಕ್ಕ ಮಾಡಿ. ನಿಮ್ಮ ಎಲೆ ಕ್ಲಿಪ್ 6 ಚದರ ಸೆಂ.ಮೀ., ಗಾಳಿ ಸೆಕೆಂಡಿಗೆ 500 ಮೈಕ್ರೋಮೋಲ್ ಹರಿಯುತ್ತಿದೆ ಅಂದುಕೊಳ್ಳಿ. ಎಲೆಯ ದ್ಯುತಿಸಂಶ್ಲೇಷಣೆ 20 (ಚದರ ಮೀಟರಿಗೆ, ಸೆಕೆಂಡಿಗೆ ಮೈಕ್ರೋಮೋಲ್ ಸಿಒ2) ಇದ್ದರೆ ಒಳಗೆ ಹೋದ ಗಾಳಿಗೂ ಹೊರಗೆ ಬಂದ ಗಾಳಿಗೂ ಸಿಒ2 ವ್ಯತ್ಯಾಸ ಬರೀ 24 ಪಿಪಿಎಂ. ಅಂದರೆ ಒಂದು ಪಿಪಿಎಂ ಆಚೀಚೆ ಆದರೆ ನಿಮ್ಮ ಉತ್ತರದಲ್ಲಿ 0.8ರಷ್ಟು ತಪ್ಪು ಬರುತ್ತದೆ. ಬರಗಾಲದ ಶೇಂಗಾ ಎಲೆ 5 ತೋರಿಸುವಾಗ 0.8 ಅಂದರೆ ಎಷ್ಟು ದೊಡ್ಡದು ನೋಡಿ.

ಇದರಲ್ಲಿ ಒಂದು ಸಮಾಧಾನವೂ ಇದೆ. ಯಂತ್ರ ನೋಡುವುದು ರೆಫರೆನ್ಸ್ (ಎಲೆ ಮುಟ್ಟದ ಗಾಳಿ) ಮತ್ತು ಸ್ಯಾಂಪಲ್ (ಎಲೆ ದಾಟಿ ಬಂದ ಗಾಳಿ) ನಡುವಿನ ವ್ಯತ್ಯಾಸವನ್ನು. ನೀವು 400 ಕೊಡಲು ಹೋಗಿ 407 ಕೊಟ್ಟರೆ ಏನೂ ಹಾಳಾಗಲ್ಲ, ಇರ್ಗಾ 407 ಅಂತಲೇ ಬರೆದುಕೊಳ್ಳುತ್ತದೆ. ಆದರೆ 407 ಇದ್ದದ್ದು ಅರ್ಧ ನಿಮಿಷದಲ್ಲಿ 403 ಆಗಿ ಮತ್ತೆ 409 ಆದರೆ ಸತ್ತಿರಿ. ಆ ಏರಿಳಿತ ರೆಫರೆನ್ಸಿಗೆ ಒಂದು ಗಳಿಗೆಯಲ್ಲಿ, ಸ್ಯಾಂಪಲ್ಲಿಗೆ ಇನ್ನೊಂದು ಗಳಿಗೆಯಲ್ಲಿ ಮುಟ್ಟುತ್ತದೆ. ಯಂತ್ರ ಅದನ್ನು ಎಲೆಯ ಕೆಲಸ ಅಂತ ಓದುತ್ತದೆ. ಹಾಗಾಗಿ ನಿಮಗೆ ಬೇಕಾದದ್ದು ಕರಾರುವಾಕ್ಕಾದ ಗಾಳಿಗಿಂತ ಅಲುಗಾಡದ ಗಾಳಿ.

ಅದಕ್ಕೆ ಸುಲಭದ ಉಪಾಯ ಇದೆ. ಬೆರೆಸಿದ ಗಾಳಿಯನ್ನು ಸೀದಾ ಯಂತ್ರಕ್ಕೆ ಕೊಡದೆ ನಡುವೆ ಒಂದು ಖಾಲಿ ಕ್ಯಾನ್ ಇಡಿ. 5 ಲೀಟರ್ ಕ್ಯಾನಿಗೆ ನಿಮಿಷಕ್ಕೆ ಒಂದು ಲೀಟರ್ ಹರಿದರೆ ಏರಿಳಿತವೆಲ್ಲ ಅದರೊಳಗೇ ಸಮ ಆಗುತ್ತದೆ. ಆದರೆ ಸಿಒ2 ಬದಲಿಸಿದಾಗ ಹೊಸ ಮಟ್ಟಕ್ಕೆ 95% ಬರಲು 15 ನಿಮಿಷ ಕಾಯಬೇಕು. ಹಂತ ಹಂತವಾಗಿ ಸಿಒ2 ಬದಲಿಸಿ ಬಿಡಿಸುವ ಒಂದು ಕರ್ವ್‌ನಲ್ಲಿ ಹನ್ನೆರಡು ಬಿಂದು ಇದ್ದರೆ ಆ ಕಾಯುವುದರಲ್ಲೇ ಸಂಜೆ ಆಗುತ್ತದೆ. ನಾನು 1 ಲೀಟರ್ ಬಾಟಲಿಗೆ ನಿಂತೆ, ಒಳಗೆ ಪುಟ್ಟ ಕಂಪ್ಯೂಟರ್ ಫ್ಯಾನ್ ಹಾಕಿದೆ.

ಇನ್ನೊಂದು ಮರೆಯಬೇಡಿ. ಯಂತ್ರಕ್ಕೆ ಬೇಕಾದದ್ದಕ್ಕಿಂತ ಜಾಸ್ತಿ ಗಾಳಿ ಮಾಡಿ, ಟಿ ಕನೆಕ್ಟರ್ ಹಾಕಿ ಉಳಿದದ್ದನ್ನು ಹೊರಗೆ ಬಿಡಿ. ಆ ಬಾಯಿ ಯಾವಾಗಲೂ ತೆರೆದಿರಬೇಕು, ಅದರಿಂದ ಗಾಳಿ ಹೊರಗೆ ಬರುತ್ತಲೇ ಇರಬೇಕು. ಬಾಯಿ ಮುಚ್ಚಿದರೆ ಪಂಪಿನ ಮೇಲೆ ಒತ್ತಡ ಬೀಳುತ್ತದೆ. ಗಾಳಿ ಸಾಲದೇ ಬಂದರೆ ಅದೇ ಬಾಯಿಯಿಂದ ರೂಮಿನ ಗಾಳಿ ಒಳಗೆ ಎಳೆದುಕೊಳ್ಳುತ್ತದೆ, ನಿಮ್ಮ 2% ಆಮ್ಲಜನಕ ಯಾವಾಗ 5% ಆಯಿತು ಅಂತ ಗೊತ್ತೇ ಆಗಲ್ಲ. ನಾನು ಆ ಬಾಯಿಗೆ ಒಂದು ಚಿಕ್ಕ ರೋಟಾಮೀಟರ್ ಹಾಕಿದ್ದೇನೆ. ಒಳಗಿನ ಚೆಂಡು ಕುಣಿಯುತ್ತಿದ್ದರೆ ಮನಸ್ಸಿಗೆ ನೆಮ್ಮದಿ. ರೋಟಾಮೀಟರ್ ಇಷ್ಟಕ್ಕೆ ಸಾಕು, ಬೆರೆಸುವುದಕ್ಕೆ ಬೇಡ.

ಪೀಣ್ಯಮೀಟರ್:
ನಾನು ಸಸ್ಯದವನಲ್ಲ, ಪೀಣ್ಯದಲ್ಲಿ ಫ್ಲೋ ಮೀಟರ್ ಕ್ಯಾಲಿಬ್ರೇಷನ್ ಮಾಡುತ್ತೇನೆ. ಕಂಟ್ರೋಲರ್ ವಿಷಯ ಮಾತ್ರ ಹೇಳುತ್ತೇನೆ.

ಸಾಮಾನ್ಯವಾಗಿ ಸಿಗುವ ಥರ್ಮಲ್ ಮಾಡೆಲ್ ಒಳಗೆ ಕೂದಲಿನಂಥ ಒಂದು ಸಣ್ಣ ನಳಿಕೆ ಇರುತ್ತದೆ. ಅದನ್ನು ಬಿಸಿ ಮಾಡಿ, ಬಿಸಿಯ ಹಿಂದೆ ಮುಂದೆ ಉಷ್ಣತೆ ನೋಡುತ್ತದೆ. ಗಾಳಿ ಹರಿದಷ್ಟು ಬಿಸಿ ಮುಂದಕ್ಕೆ ಸಾಗುತ್ತದೆ. ಆ ವ್ಯತ್ಯಾಸವೇ ಫ್ಲೋ. ಅದಕ್ಕೇ ಗ್ಯಾಸ್ ಬದಲಾದರೆ ಓದು ಬದಲಾಗುತ್ತದೆ. ನೈಟ್ರೋಜನ್‌ಗೆ ಸೆಟ್ ಮಾಡಿದ ಕಂಟ್ರೋಲರ್‌ನಲ್ಲಿ ಶುದ್ಧ ಸಿಒ2 ಬಿಟ್ಟರೆ 100 ತೋರಿಸುವಾಗ ನಿಜವಾಗಿ ಹರಿಯುವುದು 70 ಚಿಲ್ಲರೆ. ಗಾಳಿ ಮತ್ತು ಆಮ್ಲಜನಕಕ್ಕೆ ಈ ತಲೆನೋವಿಲ್ಲ, ಅವು ನೈಟ್ರೋಜನ್‌ಗೆ ಹತ್ತಿರ ಹತ್ತಿರ ಒಂದೇ. ಅಲಿಕ್ಯಾಟ್‌ನಂಥವರದ್ದು ಬೇರೆ ದಾರಿ, ಒತ್ತಡದ ವ್ಯತ್ಯಾಸದಿಂದ ಅಳೆಯುತ್ತಾರೆ. ಅದರಲ್ಲಿ ಮೆನುವಿನಲ್ಲೇ ಗ್ಯಾಸ್ ಹೆಸರು ಆರಿಸಬಹುದು.

ಎಲ್ಲರೂ ಎಡವುವ ಜಾಗ ಫುಲ್ ಸ್ಕೇಲ್, ಅಂದರೆ ಕಂಟ್ರೋಲರ್ ಕೊಡಬಲ್ಲ ಗರಿಷ್ಠ ಹರಿವು (ನಿಮಿಷಕ್ಕೆ ಇಷ್ಟು ಮಿಲಿ ಅಂತ). ಕ್ಯಾಟಲಾಗ್‌ನಲ್ಲಿ "1%" ಅಂತ ಇದ್ದರೆ ಅದು ಫುಲ್ ಸ್ಕೇಲಿನ 1% ಇರಬಹುದು, ಓದಿನದ್ದಲ್ಲ. 1000 ಮಿಲಿ ಕಂಟ್ರೋಲರ್‌ನಲ್ಲಿ ಅದು 10 ಮಿಲಿ. ಈಗ ನಿಮ್ಮ ಕೆಲಸಕ್ಕೆ ಬನ್ನಿ. ಒಟ್ಟು ನಿಮಿಷಕ್ಕೆ 1500 ಮಿಲಿ ಮಾಡುತ್ತೀರಿ ಅಂತಿಟ್ಟುಕೊಳ್ಳೋಣ. 40%ಗೆ ಆಮ್ಲಜನಕ 600 ಮಿಲಿ ಬೇಕು. 2%ಗೆ ಬರೀ 30. ಅದೇ 1000 ಮಿಲಿ ಕಂಟ್ರೋಲರ್‌ನಲ್ಲಿ 30 ಕೊಟ್ಟರೆ ತಪ್ಪು 10, ಅಂದರೆ ಮೂರರಲ್ಲಿ ಒಂದು ಭಾಗ. ನಿಮ್ಮ 2% ಎನ್ನುವುದು 1.3 ಕೂಡ ಇರಬಹುದು, 2.7 ಕೂಡ ಇರಬಹುದು.

ಇದಕ್ಕೆ ಇನ್ನೊಂದು ಕಂಟ್ರೋಲರ್ ಕೊಳ್ಳಬೇಡಿ. ಗ್ಯಾಸ್ ಬದಲಿಸಿ. 2% ಮಾಡುವಾಗ ಶುದ್ಧ ಆಮ್ಲಜನಕದ ಸಿಲಿಂಡರ್ ತೆಗೆದು ಅದೇ ಕಂಟ್ರೋಲರ್‌ಗೆ ಮಾಮೂಲಿ ಗಾಳಿಯ ಸಿಲಿಂಡರ್ ಹಾಕಿ. ಗಾಳಿಯಲ್ಲಿ ಆಮ್ಲಜನಕ 20.95%. ಹಾಗಾಗಿ 143 ಮಿಲಿ ಗಾಳಿ, 1357 ಮಿಲಿ ನೈಟ್ರೋಜನ್. ತಪ್ಪು ಅದೇ 10 ಮಿಲಿ, ಆದರೆ ಈಗ 143ರಲ್ಲಿ. 2% ಆಚೀಚೆ 0.14. ಅಷ್ಟೇ ದುಡ್ಡಿನಲ್ಲಿ ಐದು ಪಟ್ಟು ಒಳ್ಳೆಯ ಕೆಲಸ. ಅಂದರೆ ನೈಟ್ರೋಜನ್‌ಗೆ 2000 ಮಿಲಿಯದ್ದು ಒಂದು, ಆಮ್ಲಜನಕ ಅಥವಾ ಗಾಳಿಗೆ 1000 ಮಿಲಿಯದ್ದು ಒಂದು.

ಸಿಒ2ಗೂ ಇದೇ ಮಾತು. 1500 ಮಿಲಿಯಲ್ಲಿ 400 ಪಿಪಿಎಂ ಅಂದರೆ ಶುದ್ಧ ಸಿಒ2 ನಿಮಿಷಕ್ಕೆ 0.6 ಮಿಲಿ. ಅಷ್ಟು ಸಣ್ಣದನ್ನು ನಿಲ್ಲಿಸುವುದು ಕಷ್ಟ. ನೈಟ್ರೋಜನ್‌ನಲ್ಲಿ 5% ಸಿಒ2 ಬೆರೆಸಿದ ಸಿಲಿಂಡರ್ ಆರ್ಡರ್ ಮಾಡಿ, ಆಗ 12 ಮಿಲಿ ಬೇಕಾಗುತ್ತದೆ. 1500 ಪಿಪಿಎಂಗೆ 45 ಮಿಲಿ. 50 ಮಿಲಿ ಕಂಟ್ರೋಲರ್ ಸಾಕು. 50 ಪಿಪಿಎಂಗೆ 1.5 ಮಿಲಿ, ಅಲ್ಲಿ ಕಂಟ್ರೋಲರ್ ತನ್ನ ಸ್ಕೇಲಿನ ತಳದಲ್ಲಿ ಇರುತ್ತದೆ, ಸ್ವಲ್ಪ ತಡಕಾಡುತ್ತದೆ. ಮೇಲಿನ ಅಣ್ಣ ಹೇಳಿದ ಬಾಟಲಿ ಅಲ್ಲಿ ಕೈ ಹಿಡಿಯುತ್ತದೆ.

ಕೊಳ್ಳುವಾಗ ಇನ್ನೊಂದು ಕೇಳಿ. "ಸ್ಟ್ಯಾಂಡರ್ಡ್" ಮಿಲಿ ಅಂದರೆ ಯಾವ ಉಷ್ಣತೆಯ ಗಾಳಿಯ ಲೆಕ್ಕ? ಕೆಲವರು 0 ಡಿಗ್ರಿ ಹಿಡಿಯುತ್ತಾರೆ, ಕೆಲವರು 20, ಕೆಲವರು 25. 0ಗೂ 25ಕ್ಕೂ 9% ವ್ಯತ್ಯಾಸ. ಎಲ್ಲ ಕಂಟ್ರೋಲರ್‌ಗೂ ಒಂದೇ ಆಗಿದ್ದರೆ ಅನುಪಾತ ಕೆಡಲ್ಲ. ನೈಟ್ರೋಜನ್‌ದು 0, ಆಮ್ಲಜನಕದ್ದು 25 ಆಗಿದ್ದರೆ ನಿಮ್ಮ 2% ಸದ್ದಿಲ್ಲದೆ 1.83 ಆಗುತ್ತದೆ.

ರಾಗಿತೆನೆ:
ಮೈಸೂರಿನಿಂದ, ಎಂಎಸ್‌ಸಿ ಓದುತ್ತಿದ್ದೇನೆ. ಒಂದು ಸಣ್ಣ ಅನುಮಾನ. ಬರೀ 2% ಮತ್ತು 21% ಎರಡೇ ಸಾಕು ಅನ್ನುವವರು ಏನು ಮಾಡಬಹುದು? ನನಗೆ ಇಷ್ಟೆಲ್ಲ ಕಂಟ್ರೋಲರ್ ಕೊಡಿಸುವವರು ಯಾರೂ ಇಲ್ಲ.

ಹಳೇಲ್ಯಾಬ್:
@ರಾಗಿತೆನೆ, ಹಾಗಾದರೆ ಕಂಟ್ರೋಲರ್ ಬೇಡವೇ ಬೇಡಮ್ಮ. ನೈಟ್ರೋಜನ್‌ನಲ್ಲಿ 2% ಆಮ್ಲಜನಕ ಬೆರೆಸಿದ ಸಿಲಿಂಡರ್ ಒಂದು ತರಿಸಿ. ಎರಡು ಹಂತದ ರೆಗ್ಯುಲೇಟರ್, ಒಂದು ಸೂಜಿ ವಾಲ್ವ್, ಟಿ ಕನೆಕ್ಟರ್, ಅಷ್ಟೇ. ನಿಮ್ಮ ಯಂತ್ರದ ಸಿಒ2 ಇಂಜೆಕ್ಟರ್ ಸರಿಯಿದ್ದರೆ ಅದೇ ಸಿಒ2 ಸೇರಿಸಿಕೊಳ್ಳುತ್ತದೆ. 7 ಘನ ಮೀಟರ್ ಸಿಲಿಂಡರ್ ನಿಮಿಷಕ್ಕೆ ಒಂದು ಲೀಟರ್ ಬಿಟ್ಟರೆ ನೂರು ಗಂಟೆ ಮೀರಿ ಬರುತ್ತದೆ. ಒಂದು ಎಂಎಸ್‌ಸಿ ಥೀಸಿಸ್‌ಗೆ ಸಾಕು. ರೆಗ್ಯುಲೇಟರ್ ಮಾತ್ರ ಎರಡು ಹಂತದ್ದೇ ಇರಲಿ. ಒಂದು ಹಂತದ್ದರಲ್ಲಿ ಸಿಲಿಂಡರ್ ಖಾಲಿಯಾಗುತ್ತಾ ಬಂದ ಹಾಗೆ ಹೊರಗೆ ಬರುವ ಒತ್ತಡ ತಾನಾಗೇ ಬದಲಾಗುತ್ತದೆ, ನೀವು ದಿನವಿಡೀ ಅದನ್ನೇ ತಿರುಗಿಸುತ್ತಾ ಕೂರಬೇಕಾಗುತ್ತದೆ.

ಎಲೆಯುಸಿರು:
ಹಾಸನದವಳು, ಈಗ ಜರ್ಮನಿಯಲ್ಲಿ ಪೋಸ್ಟ್‌ಡಾಕ್. ಈ ಚರ್ಚೆ ನೋಡಿ ಖುಷಿಯಾಯಿತು, ಕನ್ನಡದಲ್ಲಿ ಯಾರಾದರೂ ಈ ವಿಷಯ ಬರೆಯುತ್ತಾರೆ ಅಂತ ಅಂದುಕೊಂಡಿರಲಿಲ್ಲ.

ನಮ್ಮ ಲ್ಯಾಬಿನ ಮೂಲೆಯಲ್ಲಿ ಒಂದು ಹಳೆಯ ವೋಸ್ಟ್‌ಹೋಫ್ ಪಂಪ್ ಇದೆ, ಬೋಹುಮ್ ಊರಿನ ಕಂಪನಿ. ಎಲೆಕ್ಟ್ರಾನಿಕ್ ಕಂಟ್ರೋಲರ್ ಬರುವ ಮೊದಲು ಗಾಳಿ ಬೆರೆಸುತ್ತಿದ್ದದ್ದು ಇಂಥದರಲ್ಲೇ. ಎರಡು ಪಿಸ್ಟನ್, ನಡುವೆ ಗೇರ್. ಒಂದು ಗ್ಯಾಸ್‌ನ ಪಿಸ್ಟನ್ ಒಂದು ಸುತ್ತು ತಿರುಗುವಷ್ಟರಲ್ಲಿ ಇನ್ನೊಂದು ಎಷ್ಟು ತಿರುಗಬೇಕು ಅನ್ನುವುದನ್ನು ಗೇರಿನ ಹಲ್ಲುಗಳೇ ತೀರ್ಮಾನಿಸುತ್ತವೆ. ಹಲ್ಲು ಸವೆಯುವ ತನಕ ಅನುಪಾತ ಅಲುಗಾಡಲ್ಲ. ಎಣ್ಣೆಯ ವಾಸನೆ, ಟಕ್ ಟಕ್ ಸದ್ದು. ಅದನ್ನು ಚಾಲೂ ಮಾಡಿದಾಗೆಲ್ಲ ನನಗೆ ನಮ್ಮೂರ ಹಿಟ್ಟಿನ ಗಿರಣಿ ನೆನಪಾಗುತ್ತದೆ. ಇರ್ಗಾ ಕೂಡ ಇಲ್ಲಿನದೇ ಕೂಸು. 1938ರಲ್ಲಿ ಐ.ಜಿ. ಫಾರ್ಬೆನ್ ಕಾರ್ಖಾನೆಯಲ್ಲಿ ಲುಫ್ಟ್ ಮತ್ತು ಲೆಹ್ರರ್ ಅನ್ನುವವರು ಇನ್‌ಫ್ರಾರೆಡ್ ಬೆಳಕಿನಿಂದ ಗ್ಯಾಸ್ ಅಳೆಯುವ ಯಂತ್ರ ಮಾಡಿದರು. ಜರ್ಮನ್ ಭಾಷೆಯಲ್ಲಿ ಲುಫ್ಟ್ ಅಂದರೆ ಗಾಳಿ ಅಂತಲೇ ಅರ್ಥ. ಎಷ್ಟು ಚೆಂದ ಅಲ್ವಾ?

ಈಗ ಕೆಲಸದ ಮಾತು. ಮೊದಲನೆಯದು, ಇರ್ಗಾ ಸಿಒ2 ಮಾತ್ರ ನೋಡುತ್ತದೆ ಅಂದುಕೊಂಡಿರುತ್ತೇವೆ. ನಿಜ ಏನೆಂದರೆ ಸುತ್ತಲಿರುವ ಗ್ಯಾಸ್ ಬದಲಾದರೆ ಸಿಒ2 ಬೆಳಕನ್ನು ಹೀರುವ ಪಟ್ಟಿ ಸ್ವಲ್ಪ ಅಗಲ ಅಥವಾ ಕಿರಿದಾಗುತ್ತದೆ. ನೀರಾವಿಯ ಓದಿಗೂ ಹೀಗೇ ಆಗುತ್ತದೆ. ಆದ್ದರಿಂದ ಆಮ್ಲಜನಕ 21ರಿಂದ 2ಕ್ಕೆ ಇಳಿಸಿದಾಗ ಯಂತ್ರಕ್ಕೆ ಅದನ್ನು ಹೇಳಬೇಕು. ಸಾಫ್ಟ್‌ವೇರ್‌ನಲ್ಲಿ ಆಮ್ಲಜನಕದ ಶೇಕಡಾ ಹಾಕುವ ಒಂದು ಖಾನೆ ಇರುತ್ತದೆ. ಅದನ್ನು ಬದಲಿಸದೆ ವರ್ಷಗಟ್ಟಲೆ ಡೇಟಾ ತೆಗೆದವರನ್ನು ನೋಡಿದ್ದೇನೆ. ಮನಸ್ಸಿಗೆ ಬಹಳ ಕಷ್ಟವಾಗುತ್ತದೆ.

ಎರಡನೆಯದು ತೇವ. ಸಿಲಿಂಡರ್ ಗಾಳಿ ಒಣಗಿ ಬಿಕೋ ಅನ್ನುತ್ತಿರುತ್ತದೆ. ಅದನ್ನು ಹಾಗೇ ಎಲೆಗೆ ಕೊಟ್ಟರೆ ಪತ್ರರಂಧ್ರಗಳು ಮುಚ್ಚಿಕೊಳ್ಳುತ್ತವೆ. ಬರದ ಪರಿಣಾಮ ಅಂತ ನೀವು ಬರೆಯುವುದು ನಿಜಕ್ಕೂ ನಿಮ್ಮ ಸಿಲಿಂಡರಿನ ಪರಿಣಾಮ ಆಗಿರುತ್ತದೆ. ನೈಟ್ರೋಜನ್ ಮತ್ತು ಆಮ್ಲಜನಕ ಸೇರಿದ ಮೇಲೆ ಡಿಸ್ಟಿಲ್ಡ್ ನೀರಿನಲ್ಲಿ ಗುಳುಗುಳು ಹಾಯಿಸಿ, ಆಮೇಲೆ 15 ಡಿಗ್ರಿ ತಣ್ಣೀರಿನ ಬಾತ್‌ನಲ್ಲಿಟ್ಟ ಸುರುಳಿ ಕೊಳವೆಯಲ್ಲಿ ಹಾಯಿಸಿ. ಜಾಸ್ತಿ ತೇವ ಅಲ್ಲೇ ನೀರಾಗಿ ಕೆಳಗೆ ಇಳಿಯುತ್ತದೆ. ಹೊರಗೆ ಬರುವ ಗಾಳಿಯ ಡ್ಯೂ ಪಾಯಿಂಟ್ (ತೇವ ನೀರಾಗಲು ಶುರುವಾಗುವ ಉಷ್ಣತೆ) 15 ಡಿಗ್ರಿ, ನೀರಾವಿಯ ಒತ್ತಡ 1.7 ಕಿಲೋಪಾಸ್ಕಲ್. ಎಲೆ 30 ಡಿಗ್ರಿ ಇದ್ದರೆ ಒಳಗೆ 4.24, ಅಂದರೆ ಕೊರತೆ ಎರಡೂವರೆಯಷ್ಟು. ಎಲೆಯಿಂದಲೂ ನೀರಾವಿ ಬಂದು ಸೇರುತ್ತದಲ್ಲ, ಹಾಗಾಗಿ ಕ್ಲಿಪ್ಪಿನ ಒಳಗೆ ಇನ್ನೂ ಕಡಿಮೆಯೇ ಇರುತ್ತದೆ. ಶೇಂಗಾ ತಡೆದುಕೊಳ್ಳುತ್ತದೆ.

ಸಿಒ2 ಮಾತ್ರ ನೀರಿನ ನಂತರ ಸೇರಿಸಿ. ಮೊದಲೇ ಸೇರಿಸಿದರೆ ಅದು ನೀರಿನಲ್ಲಿ ಕರಗುತ್ತದೆ, ಮಟ್ಟ ಬದಲಿಸಿದಾಗ ನೀರು ಮತ್ತೆ ಅದನ್ನು ಬಿಡುತ್ತಾ ಕೂರುತ್ತದೆ. ಗಾಳಿಯ ಸಿಲಿಂಡರಿನಲ್ಲೂ ಸುಮಾರು 420 ಪಿಪಿಎಂ ಸಿಒ2 ಇರುತ್ತದೆ, ಅದನ್ನು ಸಿಒ2 ಹೀರುವ ಸೋಡಾಲೈಮ್‌ನಲ್ಲಿ ಹಾಯಿಸಿ ತೆಗೆಯಿರಿ. ಸೋಡಾಲೈಮ್ ಪೂರ್ತಿ ಒಣಗಿದರೆ ಸರಿಯಾಗಿ ಹೀರುವುದಿಲ್ಲ, ಸ್ವಲ್ಪ ತೇವ ಬೇಕು. ಹೀರಿ ಮುಗಿದು ಬಣ್ಣ ತಿರುಗಿದ್ದು ಒಂದು ರಾತ್ರಿ ಬಿಟ್ಟರೆ ಮತ್ತೆ ಬಿಳಿಯಾಗಬಹುದು, ಅದನ್ನು ನಂಬಿ ಮತ್ತೆ ಬಳಸಬೇಡಿ.

ಶೇಂಗಾಹೊಲ:
ಅಕ್ಕ, ಅಣ್ಣ, ಎಲ್ಲರಿಗೂ ಬಹಳ ಥ್ಯಾಂಕ್ಸ್. ಪ್ರಿಂಟ್ ತೆಗೆದು ಗೈಡ್ ಮೇಡಂಗೆ ತೋರಿಸಿದೆ. ಮೂರು ಕಂಟ್ರೋಲರ್‌ಗೆ ಒಪ್ಪಿಗೆ ಸಿಕ್ಕಿತು, 2000, 1000, 50.

ಒಂದು ಪ್ರಶ್ನೆ. 5% ಸಿಒ2 ಮಿಶ್ರಣ ಬರಲು ಆರು ವಾರ ಅಂತಾರೆ. ಅಲ್ಲಿಯವರೆಗೆ ಊರಲ್ಲಿ ವೆಲ್ಡಿಂಗ್‌ನವರ ಹತ್ತಿರ ಸಿಗುವ ಶುದ್ಧ ಸಿಒ2 ಸಿಲಿಂಡರ್ ಬಳಸಬಹುದಾ? ತುಂಬಿಸಿ ತಂದು ನೋಡಿದೆ, ಮೊನ್ನೆ ಬೆಳಿಗ್ಗೆ ಗೇಜ್ 60 ಬಾರ್ ಹತ್ತಿರ ಇತ್ತು, ಮಧ್ಯಾಹ್ನ 75 ದಾಟಿತು. ಒಂದು ಹನಿ ಗ್ಯಾಸ್ ಕೂಡ ಬಿಟ್ಟಿರಲಿಲ್ಲ. ಗೇಜ್ ಕೆಟ್ಟಿದೆಯಾ?

ಪೀಣ್ಯಮೀಟರ್:
ಗೇಜ್ ಸರಿಯಿದೆ. ಸಿಲಿಂಡರ್ ಒಳಗಿರುವುದು ದ್ರವ. ದ್ರವ ಇರುವ ತನಕ ಒತ್ತಡವನ್ನು ತೀರ್ಮಾನಿಸುವುದು ಉಷ್ಣತೆ ಮಾತ್ರ. 20 ಡಿಗ್ರಿಯಲ್ಲಿ ಸುಮಾರು 57 ಬಾರ್. 31 ಡಿಗ್ರಿ ದಾಟಿದರೆ ಒಳಗೆ ದ್ರವ, ಅನಿಲ ಅನ್ನುವ ಭೇದವೇ ಉಳಿಯಲ್ಲ, ಒತ್ತಡ ಬೇಗ ಬೇಗ ಏರುತ್ತದೆ. ನಿಮ್ಮ ರಾಯಚೂರಿನ ಬೇಸಿಗೆಯಲ್ಲಿ ಅದು ದಿನಾ ಆಗುವುದೇ. ಸಿಲಿಂಡರನ್ನು ನೆರಳಲ್ಲಿ, ತಣ್ಣಗಿನ ಜಾಗದಲ್ಲಿ, ಸರಪಳಿ ಕಟ್ಟಿ ಇಡಿ. ಎಷ್ಟು ಉಳಿದಿದೆ ಅಂತ ಗೇಜ್ ನೋಡಿ ಗೊತ್ತಾಗಲ್ಲ, ತೂಕ ಮಾಡಬೇಕು.

ಎಲೆಯುಸಿರು:
ವೆಲ್ಡಿಂಗ್ ಸಿಒ2 ಬಗ್ಗೆ ನನಗೆ ಭಯ. ಎಲ್ಲಿಂದ ಬಂದ ಗ್ಯಾಸ್ ಅನ್ನುವುದರ ಮೇಲೆ ಅದರಲ್ಲಿ ಎಥಿಲೀನ್ ಇರುವ ಸಾಧ್ಯತೆ ಇದೆ. ಎಥಿಲೀನ್ ಗಿಡಕ್ಕೆ ಹಾರ್ಮೋನ್, ಕೊಂಚ ಇದ್ದರೂ ಎಲೆ ಬಾಗುತ್ತದೆ, ಹೂ ಉದುರುತ್ತದೆ. ಹತ್ತು ನಿಮಿಷದ ಎಲೆ ಅಳತೆಗೆ ಪರವಾಗಿಲ್ಲ ಅನ್ನಬಹುದು, ವಾರಗಟ್ಟಲೆ ಗಿಡ ಬೆಳೆಸುವ ಚೇಂಬರಿಗೆ ಖಂಡಿತ ಬೇಡ. ಶುದ್ಧ ದರ್ಜೆಯದ್ದೇ ತರಿಸಿ. ಮುಂದೆ ಕಾರ್ಬನ್ ಐಸೋಟೋಪ್ (ಬೇರೆ ಬೇರೆ ತೂಕದ ಕಾರ್ಬನ್) ಅಳೆಯುವ ಯೋಚನೆ ಇದ್ದರೆ ಇನ್ನೂ ಎಚ್ಚರ ಬೇಕು. ಪೆಟ್ರೋಲಿಯಂ ಮೂಲದ ಸಿಲಿಂಡರ್ ಸಿಒ2ನಲ್ಲಿ ಕಾರ್ಬನ್-13 ಹೊರಗಿನ ಗಾಳಿಗಿಂತ ಬಹಳ ಕಡಿಮೆ ಇರುತ್ತದೆ. ಆ ಗ್ಯಾಸ್‌ನ ಐಸೋಟೋಪ್ ಮಟ್ಟ ಗೊತ್ತಿಲ್ಲದೆ ಎಲೆಯ ಲೆಕ್ಕ ಹಾಕಲು ಬರಲ್ಲ.

ರಾಗಿತೆನೆ:
ಕಂಟ್ರೋಲರ್ ಸರಿಯಾಗಿ ಕೊಡುತ್ತಿದೆ ಅಂತ ನಾವೇ ಪರೀಕ್ಷೆ ಮಾಡುವ ದಾರಿ ಇದೆಯಾ? ಕ್ಯಾಲಿಬ್ರೇಷನ್‌ಗೆ ಕಳಿಸಿದರೆ ತಿಂಗಳು ಹಿಡಿಯುತ್ತದೆ ಅಂತಾರೆ.

ಪೀಣ್ಯಮೀಟರ್:
ಸೋಪ್ ನೀರು ಸಾಕು. 100 ಮಿಲಿ ಬ್ಯುರೆಟ್ ತಲೆಕೆಳಗಾಗಿ ಸ್ಟ್ಯಾಂಡಿಗೆ ಹಾಕಿ. ಕೆಳಗಿನ ಬಾಯಿ ಸೋಪ್ ನೀರಿಗೆ ತಾಗುವ ಹಾಗಿರಲಿ, ಪಕ್ಕದಿಂದ ಗಾಳಿ ಬಿಡಿ. ಒಂದು ಪೊರೆ ಎದ್ದು ಗಾಜಿನೊಳಗೆ ಮೇಲೆ ಹೋಗುತ್ತದೆ. ಬೆಳಕಿಗೆ ಹಿಡಿದರೆ ಕಾಮನಬಿಲ್ಲಿನ ಬಣ್ಣ ಕಾಣುತ್ತದೆ. ಅದು ಒಂದು ಗೆರೆಯಿಂದ ಇನ್ನೊಂದು ಗೆರೆಗೆ ಹೋಗಲು ಎಷ್ಟು ಸೆಕೆಂಡ್ ಅಂತ ಮೊಬೈಲಿನಲ್ಲಿ ನೋಡಿ. ಮೊದಲ ಎರಡು ಮೂರು ಪೊರೆ ಗಾಜು ಒದ್ದೆ ಮಾಡುವುದರಲ್ಲೇ ಒಡೆಯುತ್ತವೆ, ಬಿಡಿ. ಆಮೇಲಿನ ಹತ್ತು ಓದಿನ ಸರಾಸರಿ ತೆಗೆಯಿರಿ.

ಆದರೆ ಒಂದು ಮಾತು. ನಾನು ಈ ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಕಂಟ್ರೋಲರ್ 100ಕ್ಕೆ ಇಟ್ಟು ಹೀಗೇ ಅಳೆದೆ, ಪೊರೆ 126 ತೋರಿಸಿತು. ಕಂಟ್ರೋಲರ್ ಕೆಟ್ಟಿದೆ ಅಂತ ವಾಪಸ್ ಕಳಿಸಲು ಪೆಟ್ಟಿಗೆಗೆ ಹಾಕಿದ್ದೆ. ನಮ್ಮ ಹಿರಿಯರೊಬ್ಬರು ಬಂದು "ಬೆಂಗಳೂರು ಎಷ್ಟು ಎತ್ತರದಲ್ಲಿದೆ ಗೊತ್ತಾ?" ಅಂತ ಕೇಳಿದರು. ಕಂಟ್ರೋಲರ್ ಹೇಳುವುದು 0 ಡಿಗ್ರಿ, 101.3 ಕಿಲೋಪಾಸ್ಕಲ್‌ನ ಮಿಲಿ. ಬೆಂಗಳೂರು ಸುಮಾರು 920 ಮೀಟರ್ ಎತ್ತರ, ಇಲ್ಲಿ ಒತ್ತಡ 91 ಹತ್ತಿರ. ಅದರಲ್ಲಿ ಸೋಪ್ ನೀರಿನ ಆವಿಯದ್ದು 3.2 ಕಳೆಯಬೇಕು. ರೂಮು 25 ಡಿಗ್ರಿ. ಮೂರೂ ಸೇರಿಸಿ ಲೆಕ್ಕ ಹಾಕಿದರೆ ಇಲ್ಲಿನ 126 ಮಿಲಿ ಅಂದರೆ ಸರಿಯಾಗಿ 100 ಸ್ಟ್ಯಾಂಡರ್ಡ್ ಮಿಲಿ. ಕಂಟ್ರೋಲರ್ ತಪ್ಪೇ ಇರಲಿಲ್ಲ. ಆ ಕಾಗದ ಇನ್ನೂ ನನ್ನ ಟೇಬಲ್ ಗಾಜಿನ ಕೆಳಗಿದೆ.

ಹಳೇಲ್ಯಾಬ್:
ಇದಕ್ಕೇ ರೋಟಾಮೀಟರ್ ಬೇಡ ಅಂದದ್ದು. ಅದರ ಮೇಲೆ ಬರೆದಿರುವ ಅಂಕಿ ಸಮುದ್ರ ಮಟ್ಟದ್ದು. ಮಾಸ್ ಫ್ಲೋ ಕಂಟ್ರೋಲರ್ ಕಣಗಳನ್ನು ಎಣಿಸಿದ ಹಾಗೆ, ಎತ್ತರ ಬದಲಾದರೂ ಅನುಪಾತ ಸರಿಯಿರುತ್ತದೆ.

ಆದರೆ ಎಲೆಗೆ ಬೇಕಾದದ್ದು ಪಿಪಿಎಂ ಅಲ್ಲ, ಸಿಒ2ನ ಒತ್ತಡ. 400 ಪಿಪಿಎಂ ಅಂದರೆ ಕರಾವಳಿಯಲ್ಲಿ 40.5 ಪಾಸ್ಕಲ್, ಬೆಂಗಳೂರಿನಲ್ಲಿ 36.4. ಬೇರೆ ಊರಿನವರ ಕರ್ವ್ ಜೊತೆ ಹೋಲಿಸುವಾಗ ಪಾಸ್ಕಲ್‌ನಲ್ಲೇ ಹೋಲಿಸಿ.

ಆಮ್ಲಜನಕ ನೋಡಲು ನೈಟ್ರಾಕ್ಸ್ ಡೈವಿಂಗ್‌ನವರು ಬಳಸುವ ಗ್ಯಾಲ್ವನಿಕ್ ಸೆಲ್ (ಆಮ್ಲಜನಕದ ಸೆನ್ಸರ್) ಒಂದು ತನ್ನಿ, ದುಬಾರಿ ಅಲ್ಲ. ಅದು ಕೂಡ ಓದುವುದು ಒತ್ತಡವನ್ನೇ. ಹಾಗಾಗಿ ನಿಮ್ಮೂರಿನ ಹೊರಗಿನ ಗಾಳಿಗೆ 20.95 ಅಂತ ಸೆಟ್ ಮಾಡಿ, ನೈಟ್ರೋಜನ್‌ಗೆ ಸೊನ್ನೆ ನೋಡಿ, ಆಮೇಲೆ ಬಳಸಿ.

ಇನ್ನು ಸುರಕ್ಷತೆ. ಆಮ್ಲಜನಕದ ರೆಗ್ಯುಲೇಟರ್‌ಗೆ ಎಣ್ಣೆ, ಗ್ರೀಸ್ ಮುಟ್ಟಿಸಬೇಡಿ, ಎಣ್ಣೆ ಕೈಯಲ್ಲಿ ಸ್ಪ್ಯಾನರ್ ಹಿಡಿಯಲೂ ಬೇಡಿ. ನೈಟ್ರೋಜನ್ ವಾಸನೆ ಇಲ್ಲ, ಸೋರಿದರೆ ಗೊತ್ತಾಗಲ್ಲ. ಹತ್ತಡಿ ಉದ್ದ, ಹತ್ತಡಿ ಅಗಲದ ಮುಚ್ಚಿದ ಎಸಿ ರೂಮಿನಲ್ಲಿ ಒಂದು ತುಂಬಿದ ಸಿಲಿಂಡರ್ ಪೂರ್ತಿ ಸೋರಿದರೆ ಆಮ್ಲಜನಕ 16 ಹತ್ತಿರಕ್ಕೆ ಇಳಿಯುತ್ತದೆ. ಕಿಟಕಿ ಸ್ವಲ್ಪ ತೆಗೆದಿಡಿ, ಎಸಿ ಬಿಲ್ ಜಾಸ್ತಿ ಬಂದರೂ ಬರಲಿ. ಸಂಜೆ ಹೋಗುವಾಗ ಸಿಲಿಂಡರ್ ವಾಲ್ವನ್ನೇ ಮುಚ್ಚಿ, ಕಂಟ್ರೋಲರ್ ಆಫ್ ಮಾಡಿದರೆ ಸಾಲದು.

ಶೇಂಗಾಹೊಲ:
ಎರಡು ತಿಂಗಳಾದ ಮೇಲೆ ಮತ್ತೆ ಬರೆಯುತ್ತಿದ್ದೇನೆ. ಸೆಟಪ್ ನಿಂತಿದೆ! ಆದರೆ ಅಳತೆ ತಲೆ ತಿನ್ನುತ್ತಿದೆ.

ಎಲೆ ಇಲ್ಲದೆ ಖಾಲಿ ಕ್ಲಿಪ್ ಮುಚ್ಚಿ ನೋಡಿದೆ. 400 ಪಿಪಿಎಂನಲ್ಲಿ ಸೊನ್ನೆ. ಚೆನ್ನಾಗಿದೆ ಅಂದುಕೊಂಡೆ. 50 ಪಿಪಿಎಂಗೆ ಇಳಿಸಿದರೆ ಮೈನಸ್ 1.5 ತೋರಿಸುತ್ತದೆ, 1500ಕ್ಕೆ ಏರಿಸಿದರೆ ಪ್ಲಸ್ 4 ತೋರಿಸುತ್ತದೆ. ಎಲೆಯೇ ಇಲ್ಲ, ಉಸಿರಾಡುತ್ತಿರುವುದು ಯಾರು? ಮೂರು ದಿನದಿಂದ ಗ್ಯಾಸ್ಕೆಟ್ ಬದಲಿಸುತ್ತಿದ್ದೇನೆ.

ಹಳೇಲ್ಯಾಬ್:
ತಮ್ಮಾ, ಇದು ಸೋರಿಕೆಯ ಸಹಿ. 400ರಲ್ಲಿ ಒಳಗೂ ಹೊರಗೂ ಒಂದೇ, ಅದಕ್ಕೆ ಸೊನ್ನೆ. 50ರಲ್ಲಿ ಹೊರಗಿನ ಸಿಒ2 ಒಳಗೆ ನುಗ್ಗುತ್ತದೆ, ಯಂತ್ರ ಎಲೆ ಉಸಿರು ಬಿಟ್ಟಿತು ಅನ್ನುತ್ತದೆ. 1500ರಲ್ಲಿ ಒಳಗಿನದು ಹೊರಗೆ ಹೋಗುತ್ತದೆ, ಎಲೆ ತಿಂದಿತು ಅನ್ನುತ್ತದೆ. ಸ್ಯಾಂಪಲ್ ಕಡೆ ಮಾತ್ರ ಎಲ್ಲೋ ದಾರಿ ಇದೆ. ನಿಮ್ಮ ಉಸಿರಿನಲ್ಲಿ ಸಿಒ2 ಸುಮಾರು 4%, ಅಂದರೆ 40,000 ಪಿಪಿಎಂ. ಅದೇ ನಿಮ್ಮ ಹುಡುಕುವ ದೀಪ. ಒಂದು ಸ್ಟ್ರಾ ತಗೊಂಡು ಒಂದೊಂದೇ ಜೋಡಣೆಯ ಮೇಲೆ ನಿಧಾನ ಊದಿ. ಊದಿದ ಮೇಲೆ ಇಪ್ಪತ್ತು ಸೆಕೆಂಡ್ ಪರದೆ ನೋಡಿ. ಗ್ಯಾಸ್ಕೆಟ್ ಮೇಲಷ್ಟೇ ಅಲ್ಲ, ಕೊಳವೆಯ ಉದ್ದಕ್ಕೂ ಊದಿ.

ಶೇಂಗಾಹೊಲ:
ಸಿಕ್ಕಿತು ಅಣ್ಣ!! ಗ್ಯಾಸ್ಕೆಟ್ ಅಲ್ಲ, ಫಿಟ್ಟಿಂಗ್ ಕೂಡ ಅಲ್ಲ. ಸ್ಯಾಂಪಲ್ ಕೊಳವೆಯ ನಡು ಭಾಗದಲ್ಲಿ ಊದಿದಾಗ ಓದು ನಿಧಾನಕ್ಕೆ ಏರಿತು. ಅಲ್ಲಿ ಜೋಡಣೆಯೇ ಇಲ್ಲ! ತೆಗೆದು ನೋಡಿದರೆ ಮೆತ್ತಗೆ, ಹಾಲಿನ ಬಣ್ಣ. ಯಾವಾಗಲೋ ಯಾರೋ ಮೂಲ ಕೊಳವೆ ಹರಿದಾಗ ಸಿಲಿಕೋನ್ ಟ್ಯೂಬ್ ಹಾಕಿದ್ದಾರೆ. ತೂತಿಲ್ಲ, ಹರಿದಿಲ್ಲ, ನೋಡಲು ಹೊಸದರ ಹಾಗಿದೆ.

ಎಲೆಯುಸಿರು:
ಸಿಲಿಕೋನ್ ನೀರು ಹಿಡಿಯುತ್ತದೆ, ಸಿಒ2 ಹಿಡಿಯಲ್ಲ. ಅದರ ಗೋಡೆಯ ಮೂಲಕವೇ ಸಿಒ2 ದಾಟುತ್ತದೆ. ಟೆಫ್ಲಾನ್, ಬೆವ್-ಎ-ಲೈನ್ (ಒಂದು ಬಗೆಯ ಪ್ಲಾಸ್ಟಿಕ್) ಅಥವಾ ಸ್ಟೀಲ್ ಕೊಳವೆ ಹಾಕಿ. ಬಾಗಿಸಬೇಕಾದ ಕಡೆ ವೈಟಾನ್ (ಒಂದು ಬಗೆಯ ರಬ್ಬರ್) ಚಿಕ್ಕ ತುಂಡು ಸಾಕು.

ಇದಾದ ಮೇಲೆ ಶೇಂಗಾಗೆ ಹೋಗುವ ಮೊದಲು ಒಂದು ಜೋಳದ ಎಲೆ ಹಾಕಿ ನೋಡಿ. ಜೋಳ ಸಿ4 ಗಿಡ (ಸಿಒ2 ಅನ್ನು ಎಲೆಯೊಳಗೆ ಒಟ್ಟುಗೂಡಿಸಿಕೊಳ್ಳುವ ಬಗೆ), ಅದಕ್ಕೆ ಆಮ್ಲಜನಕ 21 ಇದ್ದರೂ 2 ಇದ್ದರೂ ದ್ಯುತಿಸಂಶ್ಲೇಷಣೆ ಹೆಚ್ಚುಕಡಿಮೆ ಒಂದೇ. ಜೋಳದಲ್ಲಿ ವ್ಯತ್ಯಾಸ ಕಂಡರೆ ಅದು ಗಿಡದ್ದಲ್ಲ, ನಿಮ್ಮ ಸೆಟಪ್‌ನದ್ದು. ಇದಕ್ಕಿಂತ ಅಗ್ಗದ, ಇದಕ್ಕಿಂತ ಪ್ರಾಮಾಣಿಕ ಪರೀಕ್ಷೆ ನನಗೆ ಗೊತ್ತಿಲ್ಲ. ನಿಮ್ಮ ಕಡೆ ಜೋಳಕ್ಕೇನು ಬರ?

ಶೇಂಗಾಹೊಲ:
ಅಕ್ಕ, ಕೊಳವೆ ಬದಲಿಸಿದೆ, ಖಾಲಿ ಕ್ಲಿಪ್ ಈಗ ಎಲ್ಲ ಮಟ್ಟದಲ್ಲೂ ಸೊನ್ನೆಗೆ ಹತ್ತಿರ. ಕುಂಡದಲ್ಲಿದ್ದ ಜೋಳದ ಎಲೆ ಹಾಕಿದೆ. ಮೊದಲ ದಿನ 21%ಗೂ 2%ಗೂ ಸುಮಾರು 2ರಷ್ಟು ವ್ಯತ್ಯಾಸ ಬಂತು, ಎದೆ ಧಸಕ್ ಅಂತು. ಆಮೇಲೆ ನೋಟ್‌ಬುಕ್ ತೆಗೆದು ಹೆಜ್ಜೆ ಹೆಜ್ಜೆ ನೋಡಿದೆ. ಆಮ್ಲಜನಕದ ಖಾನೆ ಬದಲಿಸಿದ್ದೆ, ಆದರೆ ಗ್ಯಾಸ್ ಬದಲಿಸಿದ ಮೇಲೆ ರೆಫರೆನ್ಸ್, ಸ್ಯಾಂಪಲ್ ಎರಡೂ ಇರ್ಗಾಗಳನ್ನು ಮತ್ತೆ ಮ್ಯಾಚ್ (ಒಂದೇ ಗಾಳಿ ಕೊಟ್ಟು ಓದು ಸಮ) ಮಾಡಿರಲಿಲ್ಲ. ಎರಡರ ನಡುವೆ ಎರಡೂವರೆ ಪಿಪಿಎಂ ಅಂತರ ಕೂತಿತ್ತು. ಅಣ್ಣ ಹೇಳಿದ ಲೆಕ್ಕ, ಒಂದು ಪಿಪಿಎಂಗೆ 0.8, ಎರಡೂವರೆಗೆ 2. ಸರಿಯಾಗಿ ಕೂತಿತು.

ಮರುದಿನ ಆಮ್ಲಜನಕ ಬದಲಿಸಿ ಹತ್ತು ನಿಮಿಷ ಕಾದು, ಮ್ಯಾಚ್ ಮಾಡಿ ಅಳೆದೆ. ಜೋಳ 28.4, 28.1. ಅದೇ ಮಧ್ಯಾಹ್ನ ಅದೇ ಕೊಳವೆಯಲ್ಲಿ ನೀರುಂಡ ಶೇಂಗಾ ಎಲೆ ಹಾಕಿದೆ. 21%ನಲ್ಲಿ 19 ಇದ್ದದ್ದು 2%ಗೆ ಬದಲಿಸಿದ ಮೇಲೆ ಏರುತ್ತಾ ಏರುತ್ತಾ 27ಕ್ಕೆ ಹೋಗಿ ನಿಂತಿತು. ಆಮ್ಲಜನಕ ಹೆಚ್ಚಾದರೆ ದ್ಯುತಿಸಂಶ್ಲೇಷಣೆ ಕುಗ್ಗುತ್ತದೆ ಅಂತ 1920ರಲ್ಲಿ ವಾರ್‌ಬುರ್ಗ್ ಪಾಚಿಯಲ್ಲಿ ಕಂಡದ್ದನ್ನು ಕ್ಲಾಸಿನಲ್ಲಿ ಎಷ್ಟು ಸಲ ಬರೆದಿದ್ದೆ. ನಮ್ಮ ಹೊಲದ ಶೇಂಗಾ ಎಲೆಯಲ್ಲಿ ಆ ಅಂಕಿ ಕಣ್ಣೆದುರೇ ಏರುವುದನ್ನು ನೋಡಿ ಮೇಡಂ ಅವರನ್ನು ಕೂಗಿ ಕರೆದೆ. ಇಬ್ಬರೂ ಪರದೆಯ ಮುಂದೆ ನಿಂತೇ ಇದ್ದೆವು.

ನಾಳೆಯಿಂದ ನೀರು ನಿಲ್ಲಿಸಿದ ಕುಂಡಗಳು ಶುರು. ನೈಟ್ರೋಜನ್ ಸಿಲಿಂಡರ್ ಸದ್ಯಕ್ಕೆ 90 ಬಾರ್ ಇದೆ. @ಪೀಣ್ಯಮೀಟರ್ ಅಣ್ಣ, ರಾಯಚೂರಿನ ಒತ್ತಡಕ್ಕೆ ಸೋಪ್ ಪೊರೆ ಲೆಕ್ಕ ಮಾಡಿ ಹಾಕಿದ್ದೇನೆ, 97 ಹಿಡಿದೆ, ಸರಿನಾ ಒಮ್ಮೆ ನೋಡಿ ಹೇಳಿ.